ಬೆಣ್ಣೆ ಡ್ರೈವರ್ ಕೊನೆಯ ಸ್ಟಾಪು ದಾಟಿದ್ದು

ಲಾಡ್ಜಿನ ಮೆಟ್ಟಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೆಣ್ಣೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ನೋಟ ಎದುರಿನ ಗೋಡೆಯ ಮೇಲಿತ್ತು, ಆದರೂ ಒಂದು ಹನಿ ನೆಲಕ್ಕೆ ಬಿದ್ದಿರಲಿಲ್ಲ. ಪೀಪಿ ಮೇಲಿನ ಮೆಟ್ಟಿಲಲ್ಲಿ ಸೊಂಟ ಹಿಡಿದುಕೊಂಡು ನಿಂತು, ಯಾವ ಜನ್ಮದ ಪಾಪವೋ ಇದು ಎಂದು ಗೊಣಗುತ್ತಿದ್ದ. ಇಬ್ಬರೂ ಸೈಕಲ್ ಟೂರಿಗೆ ಹೊರಟು ಕೆಲವು ದಿನಗಳಾಗಿದ್ದವು.

"ಗೊಣಗಿದ್ದು ಸಾಕು, ಹತ್ತೋ ಪೀಪಿ. ಇವತ್ತು ಕೊನೇ ಸ್ಟಾಪು."

"ನಿನಗೇನಣ್ಣ, ಜೀವಮಾನವೆಲ್ಲ ಕೂತೇ ದುಡಿದವನು, ಆ ಜಾಗ ಗಟ್ಟಿಯಾಗಿದೆ. ನಾನು ನಿಂತು ದುಡಿದವನು. ನನ್ನ ಸೊಂಟದ ಕೆಳಗೆ ಇನ್ನೂ ಹಸುಗೂಸು."

ಬೆಣ್ಣೆ ಬಸ್ ಡ್ರೈವರ್, ಪೀಪಿ ಅವನ ಕಂಡಕ್ಟರ್. ಒಂದೇ ಬಸ್ಸಿನಲ್ಲಿ ಅರ್ಧ ಆಯುಷ್ಯ ಸವೆಸಿ ಈಗ ನಿವೃತ್ತರಾದವರು. ಅಪ್ಪ ಅಮ್ಮ ಇಟ್ಟ ಹೆಸರು ಇಬ್ಬರಿಗೂ ಇದ್ದೇ ಇತ್ತು, ಸಹಿ ಹಾಕುವ ದಿನ ಬಿಟ್ಟರೆ ಅದರ ಬಳಕೆ ಇರಲಿಲ್ಲ. ಬೆಣ್ಣೆಗೆ ಆ ಹೆಸರು ಇಟ್ಟವರು ಪ್ರಯಾಣಿಕರು. ಅವನು ಬಸ್ಸು ಹೊರಡಿಸಿದ್ದು ಗೊತ್ತಾಗುತ್ತಿರಲಿಲ್ಲ, ನಿಲ್ಲಿಸಿದ್ದೂ ಗೊತ್ತಾಗುತ್ತಿರಲಿಲ್ಲ. ಮೊಟ್ಟೆ ಮಾರುವ ಹೆಂಗಸರು ಬುಟ್ಟಿ ಹೊತ್ತುಕೊಂಡು, ಬಂದ ಬಸ್ಸುಗಳನ್ನೆಲ್ಲ ಬಿಟ್ಟು ಇವನ ಬಸ್ಸಿಗೇ ಕಾಯುತ್ತಿದ್ದರು. ಒಮ್ಮೆ ಒಬ್ಬ ಮುದುಕ ನಿದ್ದೆ ಹೋಗಿ ತನ್ನ ಊರು ದಾಟಿಬಿಟ್ಟ. ಎದ್ದವನೇ, "ಇಷ್ಟು ಮೆತ್ತಗೆ ಓಡಿಸಿದ್ರೆ ಮನುಷ್ಯನಿಗೆ ಎಚ್ಚರ ಆಗೋದಾದ್ರೂ ಹೇಗಯ್ಯಾ?" ಎಂದು ಡ್ರೈವರನ ಮೇಲೇ ಹರಿಹಾಯ್ದ. ಅಷ್ಟು ವರ್ಷಗಳಲ್ಲಿ ಒಂದು ಕೋಳಿಮರಿಗೂ ಬೆಣ್ಣೆಯ ಚಕ್ರ ತಾಗಿರಲಿಲ್ಲ. ಇದನ್ನು ಹೇಳುವಾಗ ಪೀಪಿಯ ಎದೆ ಉಬ್ಬುತ್ತಿತ್ತು, ತಾನೇ ಓಡಿಸಿದ ಹಾಗೆ.

ಇಬ್ಬರ ನಡುವೆ ಕೆಲಸದಲ್ಲಿ ಮಾತು ಕಡಿಮೆ. ಪೀಪಿ ಒಂದು ಸಲ ವಿಸಿಲ್ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ಊದದೆ ಬೆಣ್ಣೆ ಒಂದು ಗೇಣೂ ಕದಲುತ್ತಿರಲಿಲ್ಲ, ಹಿಂದೆ ಹತ್ತು ಲಾರಿ ನಿಂತು ಹಾರ್ನ್ ಹೊಡೆದರೂ ಅಷ್ಟೇ. ಒಬ್ಬ ದಾರಿ ನೋಡುತ್ತಿದ್ದ, ಇನ್ನೊಬ್ಬ ಅವನ ಬೆನ್ನು ನೋಡುತ್ತಿದ್ದ. ಅದೇ ಸಂಸಾರ.

ಅವರ ಬಸ್ಸಿನ ಕೊನೆಯ ಸ್ಟಾಪು ಒಂದು ಗುಡ್ಡದ ನೆತ್ತಿಯಲ್ಲಿತ್ತು. ಅಲ್ಲಿ ತಗಡಿನ ಶೆಡ್ಡು, ಬಸ್ಸು ತಿರುಗಿಸುವಷ್ಟು ಜಾಗ, ಇಷ್ಟೇ. ಜನ ಗಂಟುಮೂಟೆ ಹೊತ್ತು ಇಳಿಯುತ್ತಿದ್ದರು, ಶೆಡ್ಡಿನ ಹಿಂದಿನ ಕಿರುದಾರಿಯಲ್ಲಿ ಇಳಿಜಾರು ಹಿಡಿದು ಕಣ್ಮರೆಯಾಗುತ್ತಿದ್ದರು. ಬೆಣ್ಣೆ ಸ್ಟೇರಿಂಗಿಗೆ ಮೊಣಕೈ ಊರಿ ನೋಡುತ್ತ ಕೂರುತ್ತಿದ್ದ. "ಇಷ್ಟು ಜನಾನ ತಂದು ತಂದು ಸುರಿತೀವಲ್ಲೋ ಇಲ್ಲಿ, ಇವರೆಲ್ಲ ಹೋಗೋದಾದ್ರೂ ಎಲ್ಲಿಗೆ?" ಎನ್ನುತ್ತಿದ್ದ. ಇಳಿದು ಹೋಗಿ ನೋಡಲು ಹೊತ್ತಿರಲಿಲ್ಲ, ವಾಪಸು ಹೊರಡುವ ಟೈಮಾಗುತ್ತಿತ್ತು. ಈ ಪ್ರಶ್ನೆ ಅವನ ಹೊಟ್ಟೆಯೊಳಗೆ ಹಾಗೇ ಉಳಿದು ನಿವೃತ್ತಿಯ ತನಕ ಬಂತು, ಆಮೇಲೂ ಹೋಗಲಿಲ್ಲ. ಈ ಟೂರಿನ ಗುಟ್ಟೆಲ್ಲ ಅಷ್ಟೇ: ಹಳೆಯ ರೂಟುಗಳನ್ನೆಲ್ಲ ಸುತ್ತಿ, ಕೊನೆಯ ಸ್ಟಾಪು ದಾಟಿ, ಆ ಇಳಿಜಾರಿನ ಬುಡ ನೋಡಬೇಕು.

ಹೊರಡುವ ದಿನ ಬೆಣ್ಣೆಯ ಹೆಂಡತಿ ಪೀಪಿಯನ್ನು ಅಡುಗೆಮನೆಗೆ ಕರೆದಿದ್ದಳು. ಕೈಯಲ್ಲಿದ್ದ ಬಟ್ಟೆ ಹಿಂಡುತ್ತ, "ನೋಡಿ, ಏನಾದ್ರೂ ಹೆಚ್ಚುಕಮ್ಮಿ ಅನಿಸಿದ್ರೆ ಅಲ್ಲಿಂದಲೇ ತಿರುಗಿಸ್ಕೊಂಡು ಬನ್ನಿ. ನಾನು ಹೇಳಿದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ. ನಿಮ್ಮ ಮಾತು ಒಂದನ್ನೇ ಅವರು ಕೇಳೋದು" ಎಂದಿದ್ದಳು.

"ಅತ್ತಿಗೆ, ಹೇಗೆ ಕರ್ಕೊಂಡು ಹೋಗ್ತೀನೋ ಹಾಗೇ ತಂದು ಒಪ್ಪಿಸ್ತೀನಿ" ಎಂದು ಪೀಪಿ ಮಾತು ಕೊಟ್ಟಿದ್ದ. ಆ ಮಾತು ಜೇಬಿನಲ್ಲಿಟ್ಟ ಕಲ್ಲಿನ ಹಾಗೆ ದಾರಿಯುದ್ದಕ್ಕೂ ಅವನಿಗೆ ತಾಗುತ್ತಿತ್ತು.

ಇನ್ನೊಂದು ವಿಷಯವೂ ಅವನನ್ನು ಕೊರೆಯುತ್ತಿತ್ತು. ಬೆಣ್ಣೆ ಕೆಲಸ ಬಿಟ್ಟದ್ದು ಅವಧಿಗೆ ಮುಂಚೆ, ಹೇಳದೆ ಕೇಳದೆ. ಒಂದು ಸಂಜೆ ಬಸ್ಸನ್ನು ಡಿಪೋಗೆ ತಂದವನೇ ಕೀಲಿಕೈ ಮೇಜಿನ ಮೇಲಿಟ್ಟು, "ಬೆನ್ನುನೋವು, ಇನ್ನು ಆಗೋದಿಲ್ಲ" ಎಂದು ಮನೆಗೆ ಹೋದ. ಮರುದಿನದಿಂದ ಪೀಪಿಯ ಪಾಲಿಗೆ ಬಂದವನು ಒಬ್ಬ ಒರಟ. ಬ್ರೇಕು ಒತ್ತಿದರೆ ಹಿಂದಿನ ಸೀಟಿನವರು ಮುಂದಿನ ಸೀಟಿನವರ ಸಂಬಂಧಿಕರಾಗುತ್ತಿದ್ದರು. ನನಗೊಂದು ಮಾತು ಹೇಳಬಾರದಿತ್ತೇ ಎಂಬ ಸಿಟ್ಟು ಪೀಪಿಗೆ ಈಗಲೂ ಇತ್ತು. ಅದೂ ಅಲ್ಲದೆ, ಬೆನ್ನುನೋವಿನ ಮನುಷ್ಯ ಬೆಳಗಿಂದ ಸಂಜೆ ತನಕ ಸೈಕಲ್ ತುಳಿಯುತ್ತಾನೆ, ಒಂದು ಸಲ ಅಮ್ಮಾ ಎನ್ನುವುದಿಲ್ಲ! ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಹೋಗಲಿ ಬಿಡು ಎಂದು ಮುಚ್ಚಿಕೊಂಡಿದ್ದ.

ಇಬ್ಬರೂ ಹೊರಟರು. ಮುಂದೆ ಬೆಣ್ಣೆ, ಹಿಂದೆ ಪೀಪಿ, ಹಳೆಯ ಪ್ರಕಾರ.

ಬೆಣ್ಣೆ ಸೈಕಲ್ ತುಳಿಯುವುದನ್ನು ಹಿಂದಿನಿಂದ ನೋಡುವುದೇ ಒಂದು ಸುಖ. ಬೆನ್ನು ನೆಟ್ಟಗೆ, ಹೆಗಲು ಸಡಿಲ. ರಸ್ತೆಯ ಅಂಚಿನ ಬಿಳಿ ಗೆರೆ ಬಿಟ್ಟು ಬೆರಳಷ್ಟೂ ಆಚೀಚೆ ಇಲ್ಲ. ಗುಂಡಿ ಬರುವ ಮುಂಚೆಯೇ ಎಡಗೈ ಎತ್ತಿ, "ಸೇತುವೆ ಮುಗಿದ ಕೂಡ್ಲೇ ಗುಂಡಿ, ಬಲಕ್ಕೆ ಸರಿ" ಎಂದು ಕೂಗುತ್ತಿದ್ದ. ಸೇತುವೆ ಮುಗಿಯುತ್ತಿದ್ದಂತೆ ಗುಂಡಿ ಅಲ್ಲೇ ಬಾಯಿ ತೆರೆದು ಬಿದ್ದಿರುತ್ತಿತ್ತು. ಆ ರಸ್ತೆ ಅವನಿಗೆ ಬಾಯಿಪಾಠ. ಹಳೆಯ ಸ್ಟಾಪು ಬಂದಲ್ಲೆಲ್ಲ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಒಂದು ಕಡೆ ಸ್ಟಾಪೇ ಕಿತ್ತುಹೋಗಿ ಬರೀ ಕಂಬದ ಬುಡ ಉಳಿದಿತ್ತು, ಅಲ್ಲಿಯೂ ನಿಂತ.

"ಯಾರೂ ಹತ್ತೋರಿಲ್ಲ ಅಣ್ಣ, ಹೋಗೋಣ" ಎಂದ ಪೀಪಿ.

"ಊದು ಮತ್ತೆ."

ಪೀಪಿ ಬಾಯಲ್ಲೇ ಎರಡು ಸಲ ಊದಿದ. ಬೆಣ್ಣೆ ಹೊರಟ. ರಸ್ತೆ ಬದಿ ಕಟ್ಟಿಗೆ ಒಡೆಯುತ್ತಿದ್ದವನೊಬ್ಬ ಕೊಡಲಿ ಇಳಿಸಿ, ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂದು ಖಾತ್ರಿ ಮಾಡಿಕೊಂಡ.

ಒಂದು ವಿಷಯದಲ್ಲಿ ಮಾತ್ರ ಬೆಣ್ಣೆಯ ಮಾತು ನಂಬುವ ಹಾಗಿರಲಿಲ್ಲ. ಏರು ಎಲ್ಲೆಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. "ಇಲ್ಲಿಂದ ಮರದ ಮಿಲ್ಲಿನ ತನಕ ಚಪ್ಪಟೆ ರೋಡು ಕಣೋ" ಎನ್ನುತ್ತಿದ್ದ. ತುಳಿದರೆ ನಾಲಿಗೆ ಹೊರಗೆ ಬರುವಂಥ ಏರು. ಬಸ್ಸಿನ ಇಂಜಿನ್ನಿಗೆ ಅದು ಲೆಕ್ಕಕ್ಕೇ ಇರಲಿಲ್ಲ, ಹಾಗಾಗಿ ಇವನ ನೆನಪಿನಲ್ಲೂ ಇರಲಿಲ್ಲ.

"ಇದು ಚಪ್ಪಟೆನಾ? ಇದಕ್ಕಿಂತ ನಮ್ಮನೆ ಅಟ್ಟದ ಏಣಿ ವಾಸಿ!" ಎಂದು ಪೀಪಿ ಏದುಸಿರು ಬಿಡುತ್ತ ಬೈದ.

"ಬಸ್ಸಲ್ಲಿ ನೀನು ಯಾವತ್ತೂ ಕಂಪ್ಲೇಂಟ್ ಮಾಡಿರಲಿಲ್ಲವಲ್ಲ" ಎಂದ ಬೆಣ್ಣೆ, ನಗುತ್ತ.

ಮರದ ಮಿಲ್ಲು ದಾಟಿದ ಮೇಲೆ ಇಳಿಜಾರು ಬಂತು. ರಸ್ತೆ ಹೊಸದಾಗಿತ್ತು, ಅಗಲವಾಗಿ, ಕಪ್ಪಗೆ, ನೂಲು ಹಿಡಿದ ಹಾಗೆ ನೇರ. ಪೀಪಿಗೆ ಜೀವ ಬಂದ ಹಾಗಾಯಿತು. ಕಾಲು ಬಿಟ್ಟು ಗಾಳಿ ಕುಡಿಯುತ್ತ ಬರುತ್ತಿದ್ದ. ಮುಂದೆ ಬೆಣ್ಣೆ ಎಡಗೈ ಚಾಚಿ ಸಿಗ್ನಲ್ ಕೊಟ್ಟ. ಮೈಯನ್ನು ನಯವಾಗಿ ಎಡಕ್ಕೆ ವಾಲಿಸಿದ, ದೊಡ್ಡ ತಿರುವಿನಲ್ಲಿ ಬಸ್ಸು ವಾಲಿಸುತ್ತಿದ್ದನಲ್ಲ, ಹಾಗೇ. ಏನು ಅಂದ, ಏನು ಚೆಂದ! ಆದರೆ ತಿರುವು ಇರಲಿಲ್ಲ. ಬೆಣ್ಣೆ ರಸ್ತೆ ಬಿಟ್ಟು, ಚರಂಡಿಯ ಮೇಲಿನ ಹಲಗೆ ದಾಟಿ, ಸೈಕಲ್ ಸಮೇತ ಎಲೆಕೋಸಿನ ತೋಟದೊಳಗೆ ಹೋದ.

ಪೀಪಿ ಸೈಕಲ್ ಎಸೆದು ಓಡಿದ. ಬೆಣ್ಣೆ ಎಲೆಕೋಸಿನ ನಡುವೆ ಕೂತಿದ್ದ, ಮೊಣಕೈ ತರಚಿತ್ತು, ಬೇರೆ ಏನೂ ಆಗಿರಲಿಲ್ಲ. ತೋಟದ ಹೆಂಗಸು ನೀರಿನ ಕೊಳವೆ ಕೈಯಲ್ಲಿ ಹಿಡಿದೇ ಕಿರುಚಿಕೊಂಡು ಬಂದಳು. "ಅಷ್ಟಗಲ ರೋಡು ಬಿಟ್ಟು ನನ್ನ ಕೋಸೇ ಬೇಕಿತ್ತಾ ನಿಮಗೆ? ಕಣ್ಣೇನು ಹಿತ್ತಲಲ್ಲಿ ಇಟ್ಟು ಬಂದಿದ್ದೀರಾ?"

"ಅಲ್ಲಮ್ಮ, ಇಲ್ಲೊಂದು ತಿರುವು ಇತ್ತಲ್ಲ" ಎಂದ ಬೆಣ್ಣೆ ಮೆಲ್ಲಗೆ.

"ಇತ್ತು, ಯಾವ ಕಾಲದಲ್ಲೋ! ರೋಡು ನೆಟ್ಟಗೆ ಮಾಡಿ ಎರಡು ವರ್ಷ ಆಯ್ತು. ಹಳೇ ತಿರುವಿನ ಮೇಲೇ ನಾನು ಕೋಸು ಹಾಕಿರೋದು."

ಪೀಪಿ ಹಿಂದಿರುಗಿ ರಸ್ತೆ ನೋಡಿದ, ಬೆಣ್ಣೆಯ ಮುಖ ನೋಡಿದ. ಹಗಲು ಹೊತ್ತು, ಹಾಸಿಗೆಯಷ್ಟು ಸಪಾಟಾದ ರಸ್ತೆ. ಕಣ್ಣಿರುವ ಯಾವ ಮನುಷ್ಯನಾದರೂ ಅದನ್ನು ಬಿಟ್ಟು ಇಲ್ಲಿಗೆ ಬರುತ್ತಾನೆಯೇ? ಇಷ್ಟು ದಿನ ಅವನು ನೋಡಿಕೊಂಡು ತುಳಿದಿರಲಿಲ್ಲ. ನೆನಪಿನ ಮೇಲೆ ತುಳಿದಿದ್ದ. ಟೂರಿಗೆ ಹಳೆಯ ರೂಟುಗಳನ್ನೇ ಯಾಕೆ ಆರಿಸಿದ್ದ ಎಂಬುದೂ ಈಗ ಹೊಳೆಯಿತು.

ಹೆಂಗಸನ್ನು ಸಮಾಧಾನ ಮಾಡಿ, ಬಿದ್ದ ಗಿಡಗಳಿಗೆ ಇಬ್ಬರೂ ಮಣ್ಣು ಒತ್ತಿ ಕೊಟ್ಟು, ತೋಟದ ಬದುವಿಗೆ ಬಂದು ಕೂತರು. ಪೀಪಿ ಬೆರಳು ಎತ್ತಿ ಬೆಣ್ಣೆಯ ಮುಖದ ಮುಂದೆ ಹಿಡಿದ.

"ಎಷ್ಟು?"

"ತೆಗಿಯೋ ಕೈ. ನಾನೇನು ಶಾಲೆ ಹುಡುಗನಾ?"

"ಎಷ್ಟು ಅಂತ ಕೇಳಿದೆ!"

ಬೆಣ್ಣೆ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. "ಕೈ ಇದೆ ಅಂತ ಗೊತ್ತಾಗುತ್ತೆ. ಬೆರಳು ಗೊತ್ತಾಗಲ್ಲ" ಎಂದ. "ನೋಡಿದ ಕಡೆ ಕಾಣಲ್ಲ ಕಣೋ, ಅಕ್ಕಪಕ್ಕದ್ದು ಕಾಣುತ್ತೆ. ಈಗ ನಿನ್ನ ನೋಡ್ತಿದ್ದೀನಿ, ಕಿವಿ ಎರಡೂ ಇದಾವೆ, ಮಧ್ಯೆ ಮುಖ ಇಲ್ಲ. ಅದೇನೂ ಅಂಥಾ ದೊಡ್ಡ ನಷ್ಟ ಅಲ್ಲ ಅನ್ನು."

ಪೀಪಿಗೆ ನಗು ಬರಲಿಲ್ಲ. "ಯಾವಾಗಿಂದ?"

"ಕೀಲಿಕೈ ಕೊಟ್ಟೆನಲ್ಲ, ಆ ದಿನದಿಂದ. ಸಂತೆ ಬೀದಿ ಸ್ಟಾಪಲ್ಲಿ ನೀನು ಎರಡು ಊದಿದೆ. ಹೊರಡಿಸಬೇಕು ಅಂತ ಮುಂದೆ ನೋಡಿದೆ, ರೋಡು ಖಾಲಿ. ಆದ್ರೂ ಯಾಕೋ ಕಾಲು ಒತ್ತಲಿಲ್ಲ. ಕತ್ತು ಸ್ವಲ್ಪ ತಿರುಗಿಸಿದೆ ನೋಡು, ಬಸ್ಸಿನ ಮೂತಿ ಮುಂದೆ ಒಬ್ಬಳು ತಾಯಿ ಮಗೂನ ಎತ್ಕೊಂಡು ನಿಂತಿದ್ದಾಳೆ. ನಾನು ನೆಟ್ಟಗೆ ನೋಡಿದ ಜಾಗದಲ್ಲೇ ಇದ್ದಳು, ಆದ್ರೆ ಇರಲಿಲ್ಲ." ಬೆಣ್ಣೆ ಅಂಗೈಯ ಮಣ್ಣು ಒರೆಸಿಕೊಂಡ. "ಯಾರಿಗೂ ಏನೂ ಆಗಲಿಲ್ಲ. ಆಗೋಕೆ ಮುಂಚೆ ಇಳಿದುಬಿಡೋಣ ಅಂತ, ಎಲ್ಲರನ್ನೂ ಬೇರೆ ಬಸ್ಸಿಗೆ ಹತ್ತಿಸು ಅಂದೆ ನಿನಗೆ. ಇಂಜಿನ್ ಸರಿ ಇಲ್ಲ ಅಂದಿದ್ದೆ, ನೆನಪಿದೆಯಾ? ಖಾಲಿ ಬಸ್ಸನ್ನ ನಡೆದ ಹಾಗೆ ತಂದು ಡಿಪೋದಲ್ಲಿ ನಿಲ್ಲಿಸಿದೆ."

ಪೀಪಿಗೆ ನೆನಪಿತ್ತು. ಅಂದು ಅವನೂ ಆ ಖಾಲಿ ಬಸ್ಸಿನಲ್ಲಿ, ಬೆಣ್ಣೆಯ ಬೆನ್ನಿನ ಹಿಂದೆಯೇ ಬಂದಿದ್ದ. ಇಂಜಿನ್ನಿಗೇನಾಗಿದೆ, ಇಷ್ಟು ಚೆನ್ನಾಗಿ ಓಡುತ್ತಿದೆಯಲ್ಲ ಎಂದುಕೊಂಡಿದ್ದ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದ. "ಬೇರೆಯವರಿಗೆ ಬೇಡ. ನನಗೆ?"

"ಕಣ್ಣು ಅಂದ್ರೆ ಜನ ಏನಂತಾರೆ? ಇಷ್ಟು ದಿನ ಕುರುಡನ ಕೈಗೆ ಜೀವ ಕೊಟ್ಟು ಕೂತಿದ್ವಾ ಅಂತಾರೆ. ನೀನೂ ರಾತ್ರಿ ಮಲಗಿ ಒಂದೊಂದೇ ಟ್ರಿಪ್ಪು ನೆನೆಸ್ಕೊಂಡು ನಡುಗ್ತಿದ್ದೆ. ನನ್ನ ಹಿಂದೆ ನಿಂತು ನಿಶ್ಚಿಂತೆಯಾಗಿ ಊದಿದವನು ನೀನು. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ."

"ಅತ್ತಿಗೆಗೆ ಗೊತ್ತಾ?"

"ಹೆಂಡತಿಗೆ ಗೊತ್ತಿಲ್ಲದೆ ಇರುತ್ತಾ? ಆಣೆ ಹಾಕಿಸಿ ಬಾಯಿ ಮುಚ್ಚಿಸಿದ್ದೀನಿ. ನಿನ್ನ ಜೊತೆ ಆದ್ರೆ ಹೋಗಿ ಅಂದವಳೂ ಅವಳೇ. ಇರೋ ಈ ಅಂಚಿನ ನೋಟಾನೂ ಹೋಗುತ್ತೆ ಅಂತ ಡಾಕ್ಟರು ಹೇಳಿದ್ದಾರೆ, ಯಾವಾಗ ಅಂತ ಹೇಳಿಲ್ಲ. ಅದಕ್ಕೇ ಈ ಅವಸರ."

ಪೀಪಿಗೆ ಒಮ್ಮೆಲೇ ಸಿಟ್ಟು, ದುಃಖ, ನಾಚಿಕೆ ಎಲ್ಲವೂ ನುಗ್ಗಿ ಬಂದವು. ಬಿಟ್ಟು ಹೋದ ಎಂದು ಇಷ್ಟು ವರ್ಷ ಮನಸ್ಸಿನಲ್ಲೇ ಶಪಿಸಿದ್ದ ಮನುಷ್ಯ ಬಿಟ್ಟಿದ್ದು ಯಾರಿಗಾಗಿ! ಯಾರೂ ಹಿಡಿದಿರಲಿಲ್ಲ, ಯಾರೂ ಕೇಳಿರಲಿಲ್ಲ. ಇನ್ನೊಬ್ಬನಾಗಿದ್ದರೆ ಹೇಗೋ ನಡೆಯುತ್ತದೆ ಎಂದು ಇನ್ನಷ್ಟು ದಿನ ಓಡಿಸುತ್ತಿದ್ದ. ಇವನು ತನ್ನ ಕೈಯಾರೆ ಇಳಿದು ಬಂದು, ಬೆನ್ನುನೋವಿನ ಸೋಮಾರಿ ಎಂಬ ಹೆಸರನ್ನೂ ಹೊತ್ತುಕೊಂಡು ಸುಮ್ಮನಿದ್ದ. ಈ ಮನುಷ್ಯನ ಕಾಲಿಗೆ ಬೀಳಬೇಕೋ ಕಪಾಳಕ್ಕೆ ಬಿಡಬೇಕೋ ಪೀಪಿಗೆ ತಿಳಿಯಲಿಲ್ಲ.

ಇಬ್ಬರೂ ಮುಂದೆ ಹೋದರು. ಏರಿನ ರಸ್ತೆಯಾದ್ದರಿಂದ ಹೆಚ್ಚಿನ ದೂರ ತಳ್ಳಿಕೊಂಡೇ ನಡೆದರು. ಪೀಪಿ ಸುಮ್ಮನೆ ರಸ್ತೆಯ ನಡುವಿನ ಕಡೆಗೆ ಬಂದು, ವಾಹನ ಮತ್ತು ಬೆಣ್ಣೆಯ ಮಧ್ಯೆ ತನ್ನ ಮೈ ಇಟ್ಟುಕೊಂಡು ನಡೆದ.

ಗುಡ್ಡದ ನೆತ್ತಿ ಬಂತು. ಅದೇ ತಗಡಿನ ಶೆಡ್ಡು. ಈಗಷ್ಟೇ ಬಂದ ಬಸ್ಸಿನಿಂದ ಜನ ಗಂಟುಮೂಟೆ ಇಳಿಸಿಕೊಂಡು ಶೆಡ್ಡಿನ ಹಿಂದಿನ ಕಿರುದಾರಿಗೆ ಇಳಿಯುತ್ತಿದ್ದರು. ಬಸ್ಸು ತಿರುಗಿಸಿಕೊಂಡು ಹೋಯಿತು. ಬೆಣ್ಣೆ ಒಂದು ಕಾಲು ನೆಲಕ್ಕೂರಿ ನಿಂತ. ಇಲ್ಲಿಂದಾಚೆ ಅವನ ನೆನಪಿನಲ್ಲಿ ಒಂದು ಕಲ್ಲೂ ಇರಲಿಲ್ಲ.

"ಹೇಳು" ಎಂದ. "ತಿರುಗಿಸು ಅಂದ್ರೆ ತಿರುಗಿಸ್ತೀನಿ. ನಿನ್ನ ಮೇಲೆ ಬೇಜಾರಿಲ್ಲ."

ತಿರುಗಿಸು ಎನ್ನುವುದೇ ಸರಿ. ಅತ್ತಿಗೆಗೆ ಕೊಟ್ಟ ಮಾತು ಇತ್ತು. ದಾರಿ ಕಡಿದಾಗಿತ್ತು, ಜಲ್ಲಿ ಎದ್ದಿತ್ತು, ಬಲಕ್ಕೆ ತಡೆಗೋಡೆ ಇರಲಿಲ್ಲ. ಆದರೆ ಈಗ ತಿರುಗಿಸಿದರೆ ಇನ್ನೊಮ್ಮೆ ಬರುವ ಹೊತ್ತಿಗೆ ಇವನಿಗೆ ಆ ಅಂಚೂ ಇರುತ್ತದೋ ಇಲ್ಲವೋ. ಹೇಗೆ ಕರೆದೊಯ್ದೆನೋ ಹಾಗೇ ತಂದು ಒಪ್ಪಿಸುತ್ತೇನೆ ಎಂದದ್ದೇನೋ ನಿಜ. ಕೈಕಾಲು ನೆಟ್ಟಗಿದ್ದು ಮನಸ್ಸು ಮುರಿದವನನ್ನು ಒಪ್ಪಿಸಿದರೆ ಅದು ಒಪ್ಪಿಸಿದ ಹಾಗಾಗುತ್ತದೆಯೇ? ಪೀಪಿ ತನ್ನ ಚೀಲ ಬಿಚ್ಚಿ ಹಳದಿ ಮಳೆಕೋಟು ತೆಗೆದು ಹಾಕಿಕೊಂಡ.

"ಇದು ಕಾಣುತ್ತಾ?"

ಬೆಣ್ಣೆ ಕತ್ತನ್ನು ಓರೆ ಮಾಡಿ ನೋಡಿದ. "ಹಳದಿ ಕಾಣುತ್ತೆ. ಏನೋ ಇದು, ಬಿಸಿಲಲ್ಲಿ?"

"ಇದರ ಹಿಂದೆ ಬಾ. ನಾನು ಹೇಳಿದಾಗ ಇಳಿ, ಹೇಳಿದಾಗ ತಳ್ಳು. ನಿನ್ನ ಡ್ರೈವರ್ ಬುದ್ಧಿ ಉಪಯೋಗಿಸಬೇಡ."

ಹೀಗೆ ಪೀಪಿ ಮೊದಲ ಸಲ ಮುಂದೆ ಹೋದ. ಅಯ್ಯೋ, ಆ ಸವಾರಿಯ ಚೆಂದ ಹೇಳಲಾರೆ! ಮುಂದೆ ಹೋಗಿ ಅಭ್ಯಾಸವಿಲ್ಲದ ಮನುಷ್ಯ, ಪ್ರತಿ ಕಲ್ಲಿಗೂ ಬೆದರಿ ಬ್ರೇಕು ಒತ್ತುತ್ತಿದ್ದ. ಮಳೆಕೋಟಿನೊಳಗೆ ಬೆವರಿ ಬೇಯುತ್ತ, "ಎಡಕ್ಕೆ ಜಲ್ಲಿ! ಬಲಕ್ಕೆ ಪಾತಾಳ! ಇಳಿ, ಇಳಿ!" ಎಂದು ಅರಚುತ್ತಿದ್ದ. ಹಿಂದಿನಿಂದ ಬೆಣ್ಣೆ, "ಬ್ರೇಕಿನ ಮೇಲೇ ಕೂರಬೇಡ್ವೋ, ರಬ್ಬರ್ ಸುಟ್ಟ ವಾಸನೆ ನನ್ನ ಮೂಗಿಗೆ ಬಡೀತಿದೆ! ಮೈ ಸಡಿಲ ಬಿಡು!" ಎಂದು ಪಾಠ ಹೇಳುತ್ತಿದ್ದ. ಗಂಟು ಹೊತ್ತು ಇಳಿಯುತ್ತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬಳು ಅಜ್ಜಿ ಅವರಿಗಿಂತ ಮುಂಚೆ ನಡೆದು ಕೆಳಗೆ ಮುಟ್ಟಿದಳು.

ಕೊನೆಗೂ ಬುಡ ಸಿಕ್ಕಿತು. ಕಲ್ಲು ಹಾಸಿದ ಒಂದು ಬೀದಿ, ಎರಡೂ ಕಡೆ ಒತ್ತಾಗಿ ಮನೆಗಳು, ಕಿಟಕಿಗಳ ಕೆಳಗೆ ಹಗ್ಗದ ಮೇಲೆ ಒದ್ದೆ ಬಟ್ಟೆ. ಬಡಗಿಯ ಅಂಗಡಿಯಿಂದ ಗರಗಸದ ಸದ್ದು ಬರುತ್ತಿತ್ತು. ಬಸ್ಸಿನಿಂದ ಇಳಿದ ಜನ ಒಬ್ಬೊಬ್ಬರಾಗಿ ಒಂದೊಂದು ಬಾಗಿಲು ತೆರೆದು ಒಳಗೆ ಹೋಗುತ್ತಿದ್ದರು. "ಬಂದೆಯಾ?" ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು. ಪೀಪಿ ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತ ಹೋದ, ಬಾಗಿಲುಗಳ ಬಣ್ಣ ಸಮೇತ.

"ಇಷ್ಟೇ ಅಣ್ಣ. ಅರಮನೆ ಗಿರಮನೆ ಏನಿಲ್ಲ."

ಬೆಣ್ಣೆ ಕತ್ತು ಓರೆ ಮಾಡಿ ಬಹಳ ಹೊತ್ತು ಕೇಳಿಸಿಕೊಂಡ, ಕಂಡಷ್ಟು ನೋಡಿದ. "ಸಾಕು ಬಿಡು" ಎಂದ. "ಒಳ್ಳೇ ಕಡೆಗೇ ತಲುಪಿಸಿದ್ದೀವಿ." ಅವನ ಮುಖ ಅರಳಿತ್ತು.

ಬೀದಿಯ ತುದಿಯ ಚಹಾದಂಗಡಿಯ ಮುಂದೆ ಕೂತರು. ಅಂಗಡಿಯ ಹೆಂಗಸು ಎರಡು ಲೋಟ ಚಹಾ ತಂದು ಬೆಂಚಿನ ಮೇಲಿಟ್ಟಳು. ಬೆಣ್ಣೆಯ ಕೈ ಬೆಂಚಿನ ಮೇಲೆ ತಡಕತೊಡಗಿತು. ಯಾರೂ ನೋಡುವ ಮುಂಚೆ ಲೋಟವನ್ನು ಆ ಕೈಗೆ ಮುಟ್ಟಿಸಿಬಿಡೋಣವೆಂದು ಪೀಪಿ ಮೆಲ್ಲಗೆ ಕೈ ಚಾಚಿದ. ಬೆಣ್ಣೆ ಅವನ ಕೈ ಹಿಡಿದು ಪಕ್ಕಕ್ಕಿಟ್ಟ.

"ತಾಯಿ" ಎಂದು ಕರೆದ, ಬೀದಿಗೆಲ್ಲ ಕೇಳುವ ಹಾಗೆ. "ನನಗೆ ಕಣ್ಣು ಕಾಣೋದಿಲ್ಲ. ಲೋಟ ಸ್ವಲ್ಪ ಕೈಗೆ ಕೊಡ್ತೀರಾ?"

"ಅದಕ್ಕೇನಂತೆ, ಹಿಡ್ಕೊಳ್ಳಿ. ಬಿಸಿ ಇದೆ, ಜೋಪಾನ" ಎಂದು ಅವಳು ಲೋಟವನ್ನು ಅವನ ಎರಡೂ ಕೈಯೊಳಗಿಟ್ಟು, ಉಕ್ಕುತ್ತಿದ್ದ ಹಾಲು ನೋಡಲು ಒಳಗೆ ಓಡಿದಳು.

ಬೆಣ್ಣೆ ಒಂದು ಗುಟುಕು ಕುಡಿದ. ಪೀಪಿ ಮಳೆಕೋಟಿನ ತೋಳಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ.

"ಚಹಾ ಚೆನ್ನಾಗಿದೆ, ಆರೋಕೆ ಬಿಡಬೇಡ" ಎಂದ ಬೆಣ್ಣೆ.